ಹೆಸರು ಹೇಳಬಾರದ ಎಲೆ

ಲಕ್ಕಿ ಎಲೆ. ನೋಡಿ, ಹೇಳಿಯೇಬಿಟ್ಟೆ. ನಮ್ಮತ್ತೆ ಇದ್ದಿದ್ದರೆ ನನ್ನ ಬಾಯಿಗೆ ಬೀಗ ಹಾಕುತ್ತಿದ್ದರು.

ನಿಜಾಮರ ಕಾಲದ ಮಾತಿದು. ಭಾಲ್ಕಿಯಿಂದ ಬೀದರಿನ ದವಾಖಾನೆಗೆ ಬಂಡಿಯಲ್ಲಿ ಇಡೀ ದಿನದ ದಾರಿ. ಹಾಗಾಗಿ ಕೀಲುನೋವು, ಸೊಂಟನೋವು ಎಂದವರೆಲ್ಲ ನಮ್ಮತ್ತೆಯ ಹತ್ತಿರ ಬರುತ್ತಿದ್ದರು. ಅತ್ತೆ ಬಾಗಿಲು ಮುಚ್ಚಿಕೊಂಡು ಎಲೆ ಬಿಸಿ ಮಾಡಿ, ಅರಿವೆಯಲ್ಲಿ ಸುತ್ತಿ, ನೋವಿದ್ದಲ್ಲಿ ಕಟ್ಟುತ್ತಿದ್ದರು. ಅದಕ್ಕೆ ಕಟ್ಟಳೆಯಿತ್ತು. ಹೊತ್ತು ಮೂಡುವ ಮೊದಲೇ ಹಳ್ಳಕ್ಕೆ ಹೋಗಿ ಎಲೆ ತರಬೇಕು, ಕಟ್ಟುವವರೆಗೆ ಯಾರ ಜೊತೆಯೂ ಮಾತಾಡಬಾರದು. ಎಲ್ಲಕ್ಕಿಂತ ದೊಡ್ಡದು, ಯಾವ ಎಲೆಯೆಂದು ಯಾರಿಗೂ ಹೇಳಬಾರದು. ಹೇಳಿದವರ ಕೈಗುಣ ಹೋಗುತ್ತದೆಂದು ನಂಬಿಕೆ.

ಕಣ್ಣಿಗೆ ಪೊರೆ ಬಂದು, ತಮ್ಮ ಮೊಣಕಾಲೂ ಹಿಡಿದುಕೊಂಡಾಗ ಅತ್ತೆ ಬೇರೆ ದಾರಿ ಕಾಣದೆ ನನಗೆ ಹೆಸರು ಹೇಳಿದರು. ನಾನು ಸಂತಪುರದಿಂದ ಸೊಸೆಯಾಗಿ ಬಂದು ಎರಡನೇ ವರ್ಷ.

ಒಂದು ತಿಂಗಳು ನೇಮದಿಂದ ಎಲೆ ತಂದು ಕಟ್ಟಿದೆ. ಅತ್ತೆ ಎದ್ದು ಓಡಾಡಿದರು. ಓಡಾಡಿದ ಮೇಲೆ ಶುರುವಾಯಿತು: ರೊಟ್ಟಿಯ ಅಂಚು ದಪ್ಪ, ತವರಿನವರು ಏನು ಕಲಿಸಿ ಕಳಿಸಿದರು? ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೇಲಿಂದ ಚಳಿಗಾಲ. ಒಂದು ಬೆಳಗ್ಗೆ ಹಳ್ಳಕ್ಕೆ ಹೋಗಲೇ ಇಲ್ಲ. ಹಿಂದಿನ ದಿನ ಬಿಚ್ಚಿದ ಎಲೆಯನ್ನೇ ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ, ವಾಸನೆಗೆಂದು ಉಳಿದಿದ್ದ ನಾಲ್ಕು ಹಸಿ ಎಲೆ ಮೇಲಿಟ್ಟು ಕಟ್ಟಿದೆ. ಅತ್ತೆಗೆ ಗೊತ್ತಾಗಲಿಲ್ಲ. ಆಮೇಲೆ ವಾರಕ್ಕೊಮ್ಮೆ ಹೋಗುವುದೇ ರೂಢಿಯಾಯಿತು. ಎಲೆಯಲ್ಲಿ ವಾಸನೆ ಉಳಿದಿತ್ತು, ಗುಣ ಇರಲಿಲ್ಲ. ಅತ್ತೆಯ ಕಾಲು ಮತ್ತೆ ಊದಿತು.

ಆಗಲೇ ಔರಾದಿನಿಂದ ಒಬ್ಬ ಹೆಂಗಸನ್ನು ಬಂಡಿಯಲ್ಲಿ ಮಲಗಿಸಿಕೊಂಡು ತಂದರು. ಸೊಂಟ ಹಿಡಿದು ಎದ್ದು ಕೂಡಲೂ ಆಗುತ್ತಿರಲಿಲ್ಲ. ಅತ್ತೆ ಕುಂಟುತ್ತ ಹೋಗಿ ಆಕೆಯ ಕೈ ಹಿಡಿದುಕೊಂಡರು.

"ನನ್ನ ಕೈಗುಣ ಹೋಗ್ಯಾದವ್ವಾ. ನಂದೇ ಕಾಲನೋವು ಇಳಿವಲ್ದು, ನಿನಗೇನ ಕಟ್ಟಲಿ?"

ಬೀದರಿಗೆ ಕರೆದೊಯ್ಯಿರೆಂದು ಅವರಿಗೆ ಹೇಳಿದರು. ಬಂಡಿ ತಿರುಗಿತು. ದಾರಿಯ ಕುಣಿಯಲ್ಲಿ ಗಾಲಿ ಇಳಿದಾಗ ಆಕೆ ನರಳಿದ್ದು ಬಾಗಿಲ ಹಿಂದಿದ್ದ ನನಗೂ ಕೇಳಿಸಿತು. ಬಾಯಿ ಬಿಟ್ಟಿದ್ದರೆ ಒಂದು ಗಳಿಗೆಯ ಬೈಗುಳ, ಅಷ್ಟೆ. ಬಿಡಲಿಲ್ಲ.

ಆಮೇಲೆ ಅತ್ತೆ ನನ್ನನ್ನು ಕರೆದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ನಿಂದೇನ ತಪ್ಪಿಲ್ಲ ತಂಗಿ. ಹೆಸರ ಹೇಳಿ ನಾನೇ ಕಟ್ಟಳಿ ಮುರದೆ. ಏನ ಮಾಡಲಿ, ಮಗಳಿದ್ದಂಗ ಅದೀ ಅಂತ ಹೇಳಿದೆ."

ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಮಾರನೆಯ ದಿನ ನಸುಕಿನಲ್ಲೇ ಓಡಿಹೋಗಿ ಮಡಿಲು ತುಂಬ ಹಸಿ ಎಲೆ ತಂದೆ. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. ಕಟ್ಟಳೆ ಮುರಿದದ್ದಕ್ಕೆ ಇದು ತಮಗಾಗಬೇಕಾದ ಶಿಕ್ಷೆಯೆಂದು, ಸಾಯುವವರೆಗೂ ಎಲೆ ಮುಟ್ಟಗೊಡಲಿಲ್ಲ. ಬೇರೆಯವರಿಗೂ ಕಟ್ಟಲಿಲ್ಲ. ಅವರು ಸಾಯುವವರೆಗೂ ನಾನೂ ನಿಜ ಹೇಳಲಿಲ್ಲ.

ಈಗ ಕೇಳಿದವರಿಗೆ, ಕೇಳದವರಿಗೂ ಹೆಸರು ಹೇಳುತ್ತೇನೆ. ಹೋದ ತಿಂಗಳು ಭಾತಂಬ್ರಾದ ಹೆಣ್ಣುಮಗಳೊಬ್ಬಳನ್ನು ಹಳ್ಳಕ್ಕೇ ಕರೆದೊಯ್ದು ಗಿಡ ತೋರಿಸಿದೆ. ದಾರಿಯುದ್ದಕ್ಕೂ ಹರಟುತ್ತಲೇ ಎಲೆ ಕಿತ್ತೆವು. ಎಂಟು ದಿನಕ್ಕೆ ಆಕೆ ನಗುತ್ತ ಬಂದು, ಮಂಡಿನೋವು ಇಳಿಯಿತೆಂದು ಹೇಳಿಹೋದಳು.

ಹೆಸರು ಹೇಳಿದರೆ ಗುಣ ಹೋಗುವುದಿಲ್ಲ. ಇದನ್ನು ಅತ್ತೆಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.