ವ್ಯಾನಕ್ಕ ಕೀಲಿ ಇಟ್ಟು ಬಂದ ದಿನ

ಬ್ರೇಕ್ ಆಯಿಲಿನ ವಾಸನೆ ಎಂಜಿನ್ ಆಯಿಲಿನ ಹಾಗಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಔಷಧಿಯ ಘಾಟು. ಕೈಗೆ ತಾಗಿದರೆ ಸೋಪು ಹಾಕಿ ತೊಳೆದರೂ ಊಟದ ಹೊತ್ತಿನವರೆಗೆ ಬೆರಳಲ್ಲಿ ಉಳಿಯುತ್ತದೆ. ಹಳದೀಪುರದ ಹೆದ್ದಾರಿ ಬದಿಯ ನನ್ನ ಗ್ಯಾರೇಜಿನಲ್ಲಿ ಮೊನ್ನೆ ಒಂದು ಡಬ್ಬಿ ಮಗುಚಿ ಬಿತ್ತು. ನೆಲ ಒರೆಸುತ್ತ ಕೂತವನಿಗೆ ವ್ಯಾನಕ್ಕನ ನೆನಪಾಯಿತು. ಜೊತೆಗೆ, ಸತ್ತೇ ಹೋಗಿದೆ ಅಂದುಕೊಂಡಿದ್ದ ಹಳೆಯ ಸಿಟ್ಟೂ ಎದ್ದು ಕೂತಿತು...

ಅವಳು ಹೊನ್ನಾವರದ ಒಂದು ಖಾಸಗಿ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಬೆಳಿಗ್ಗೆ ಹಳದೀಪುರ, ಕರ್ಕಿಯ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ, ಸಂಜೆ ಮನೆಮನೆಗೆ ಬಿಡುವ ಕೆಲಸ. ಟೆಂಪೋ ಓಡಿಸುತ್ತಿದ್ದ ಗಂಡ ಬದುಕಿದ್ದಾಗಲೇ ಅವಳಿಗೆ ಡ್ರೈವಿಂಗ್ ಕಲಿಸಿದ್ದ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಆ ವಿದ್ಯೆಯೇ ಅನ್ನಕ್ಕೆ ದಾರಿಯಾಯಿತು. ಮಕ್ಕಳೆಲ್ಲ ವ್ಯಾನಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾಲಿಗೆ ಮಾತ್ರ ಹರಿತ. ಗೇಟಿನ ಮುಂದೆ ಒಂದೇ ಸಲ ಹಾರನ್ ಹಾಕುವಳು. ಮಗುವಿನ ಜಡೆ ಹೆಣೆಯುತ್ತ ಹೊರಗೆ ಬಂದ ತಾಯಂದಿರಿಗೆ, "ಎಂತದು, ನಿಮ್ಮ ಮನೇಲಿ ಸೂರ್ಯ ತಡವಾಗಿ ಹುಟ್ತ್ನಾ?" ಎಂದು ಎಲ್ಲರೆದುರೇ ಕೇಳುವಳು. ಆ ಮಾತುಗಳನ್ನು ಯಾರೂ ಮರೆತಿರಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ, ಮಕ್ಕಳನ್ನು ಶಾಲೆಗೆ ಬಿಟ್ಟವಳು ವ್ಯಾನನ್ನು ಸೀದಾ ನನ್ನ ಗ್ಯಾರೇಜಿಗೆ ತಂದಳು.

"ತಮ್ಮಾ, ಪೆಡಲ್ ಮೆತ್ತಗಾಗದೆ. ಕಾಲಿಟ್ಟು ನಿಂತ್ರೆ ತಾನಾಗೇ ಕೆಳಗೆ ಇಳೀತದೆ ನೋಡು."

ನಾಲ್ಕೂ ಚಕ್ರಗಳ ಒಳಬದಿ ನೋಡಿದೆ. ಪೈಪುಗಳನ್ನು ಬಟ್ಟೆಯಲ್ಲಿ ಒರೆಸಿದೆ. ಎಲ್ಲೂ ಹಸಿ ಇರಲಿಲ್ಲ, ವ್ಯಾನಿನ ಡಬ್ಬಿಯಲ್ಲಿ ಬ್ರೇಕ್ ಆಯಿಲೂ ಕಡಿಮೆಯಾಗಿರಲಿಲ್ಲ. ಗಾಳಿ ಸೇರಿದ್ದರೂ ಪೆಡಲ್ ಮೆತ್ತಗಾಗುತ್ತದೆ, ಹಾಗಾಗಿ ಅವಳನ್ನೇ ಪೆಡಲ್ ಒತ್ತಲು ಕೂರಿಸಿ ಒಂದೊಂದೇ ಚಕ್ರದಿಂದ ಆಯಿಲ್ ಬಿಟ್ಟು ನೋಡಿದೆ. ಗುಳ್ಳೆ ಬರಲಿಲ್ಲ. ಕೊನೆಗೆ ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಒತ್ತಿ ಹಿಡಿಯಲು ಹೇಳಿದೆ. ಮೊದಲು ಗಟ್ಟಿಯಾಗಿ ನಿಂತಿತು. ಆಮೇಲೆ ಅವಳ ಕಾಲು ನಿಧಾನಕ್ಕೆ ಇಳಿಯುತ್ತ, ಇಳಿಯುತ್ತ ಕೆಳಗಿನ ಮ್ಯಾಟು ಮುಟ್ಟಿತು. ಹೊರಗೆಲ್ಲೂ ಸೋರದೆ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ ಎಂದೇ ಲೆಕ್ಕ. ಒತ್ತಿದ ಆಯಿಲ್ ಚಕ್ರಕ್ಕೆ ಹೋಗದೆ ಒಳಗೊಳಗೇ ಹಿಂದಕ್ಕೆ ಜಾರುತ್ತದೆ.

"ಎರಡು ಸಲ ಒತ್ತಿದ್ರೆ ಹಿಡೀತದೆ ಅಲ್ದಾ?" ಎಂದು ಕೇಳಿದಳು.

"ಇವತ್ತು ಹಿಡೀತದೆ ಅಕ್ಕಾ. ಯಾವತ್ತು ಹಿಡಿಯೂದಿಲ್ಲ ಅಂತ ಹೇಳೂಕೆ ಬರೂದಿಲ್ಲ. ಸಿಲಿಂಡರ್ ಹೊಸದೇ ಹಾಕ್ಬೇಕು."

ಶಾಲೆಯ ಕಾರ್ಯದರ್ಶಿಗೆ ನಾನೇ ಫೋನು ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಬ್ರೇಕ್ ಹಿಡೀತದಲ್ಲಾ? ಸ್ವಲ್ಪ ಆಯಿಲ್ ಹಾಕಿ ಕಳಿಸಿ. ರಜೆಯಲ್ಲಿ ಮಾಡಿಸುವಾ" ಎಂದು ಇಟ್ಟುಬಿಟ್ಟರು. ವ್ಯಾನಕ್ಕ ಮತ್ತೆ ಸೀಟು ಹತ್ತಿದಳು. ಆಮೇಲೆ ವ್ಯಾನನ್ನು ಇರುವೆಯಂತೆ ನಡೆಸಿಕೊಂಡು ಶಾಲೆಗೆ ಒಯ್ದು, ಕೀಲಿಯನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟಳು. "ರಿಪೇರಿ ಮಾಡ್ಸಿ, ಆಗ ಓಡಿಸ್ತೆ. ಅಲ್ಲೀವರೆಗೆ ಮಕ್ಕಳನ್ನ ಕೂರಿಸ್ಕಂಡು ನಾ ಹೋಗೂದಿಲ್ಲ."

ಅದು ಅರ್ಧವಾರ್ಷಿಕ ಪರೀಕ್ಷೆಯ ವಾರ. ತುಂಬಿ ಬರುವ ಬಸ್ಸುಗಳು ಹೆದ್ದಾರಿಯಲ್ಲಿ ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. ತಂದೆತಾಯಂದಿರು ಬೈಕು, ರಿಕ್ಷಾ ಅಂತ ಒದ್ದಾಡಿದರು, ಬೈಗುಳವೆಲ್ಲ ಅವಳ ಪಾಲಿಗೆ ಬಂತು. ಮದುವೆಯಾಗಿ ಹೋದ ಮಗಳ ಮನೆಗೆ ಹೋಗಲು ಶಾಲೆಯವರು ರಜೆ ಕೊಡದ ಸಿಟ್ಟಿಗೆ ಬ್ರೇಕಿನ ನೆಪ ಹೇಳಿದ್ದಾಳೆ ಎಂಬ ಮಾತು ಎಲ್ಲಿಂದಲೋ ಹುಟ್ಟಿತು. ಎಲ್ಲಿಂದ ಎಂದು ನನಗೆ ಗೊತ್ತು, ಶಾಲೆಯ ಆಫೀಸಿನಿಂದಲೇ.

ಆ ವಾರದ ಕೊನೆಗೆ ಪಾಲಕರ ಸಭೆ ಕರೆದರು. ಬ್ರೇಕ್ ನೋಡಿದವನೆಂದು ವ್ಯಾನಕ್ಕನ ಪರವಾಗಿ ಹೇಳಲು ನಾನೂ ಹೋಗಿದ್ದೆ. ವ್ಯಾನನ್ನು ಶಾಲೆಯ ಅಂಗಳದಲ್ಲೇ ನಿಲ್ಲಿಸಿದ್ದರು. ಕಾರ್ಯದರ್ಶಿ ಒಬ್ಬ ಪಾಲಕರನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದರು. "ನೀವೇ ಒತ್ತಿ ನೋಡಿ" ಎಂದರು. ಪೆಡಲ್ ಕಲ್ಲಿನ ಹಾಗೆ ನಿಂತಿತು. ಎಲ್ಲರೂ ವ್ಯಾನಕ್ಕನ ಕಡೆ ತಿರುಗಿದರು.

ನಾನು ತಡೆಯಲಾರದೆ ಹೋಗಿ ಮುಂದಿನ ಮುಚ್ಚಳ ಎತ್ತಿದೆ. ಸುತ್ತಲಿನ ಭಾಗವೆಲ್ಲ ಕೆಮ್ಮಣ್ಣು, ಜಿಡ್ಡು ಹಿಡಿದು ಕಪ್ಪಾಗಿದ್ದರೆ ನಡುವೆ ಸಿಲಿಂಡರೊಂದೇ ಪಳಪಳ ಹೊಳೆಯುತ್ತಿತ್ತು. ಪೈಪಿನ ನಟ್ಟುಗಳ ಮೇಲೆ ಪಾನಾ ಹಾಕಿ ತಿರುಗಿಸಿದ ಗೀರು ಇನ್ನೂ ಹೊಸದು. ಕಾರ್ಯದರ್ಶಿ ಕುಮಟೆಯಲ್ಲಿ ಗುಟ್ಟಾಗಿ ರಿಪೇರಿ ಮಾಡಿಸಿ ತಂದಿದ್ದರೆಂದು ಆಮೇಲೆ ತಿಳಿಯಿತು.

"ಇದು ಹೊಸ ಸಿಲಿಂಡರು. ಈಗ ಹಾಕ್ಸಿದ್ದು. ಬಂದು ನೋಡಿ" ಎಂದೆ.

ಯಾರೂ ಬರಲಿಲ್ಲ. ಹಿಂದಿನಿಂದ ಒಬ್ಬ, "ಇವ್ನಿಗೆ ಅವಳ ಮೇಲೆ ಎಂತಕ್ಕೆ ಇಷ್ಟು ಕಾಳಜಿ?" ಎಂದ. ನಗು ಎದ್ದಿತು. ದಿನಾ ಅವಳ ಕೈಯಿಂದ ಮಕ್ಕಳನ್ನು ಇಳಿಸಿಕೊಳ್ಳುತ್ತಿದ್ದ ಹೆಂಗಸರೂ ನಕ್ಕರು.

ವ್ಯಾನಕ್ಕ ಅಳಲಿಲ್ಲ. "ಒಂದ್ ಮಗುಗೆ ಎಂತಾರೂ ಆಗಿದ್ರೆ ನನ್ನ ನಂಬ್ತಿದ್ರಿ ಅಲ್ದಾ?" ಎಂದು ಕೇಳಿ, ಸೆರಗು ಸರಿಮಾಡಿಕೊಂಡು ಗೇಟು ದಾಟಿ ಹೋದಳು.

ಆಮೇಲೆ ಈ ಭಾಗದಲ್ಲಿ ಯಾರೂ ಅವಳಿಗೆ ಸ್ಟಿಯರಿಂಗ್ ಕೊಡಲಿಲ್ಲ. ಭಟ್ಕಳದ ಹತ್ತಿರ ಹೆಬಳೆಯಲ್ಲಿದ್ದ ಮಗಳ ಮನೆಗೆ ಹೋದಳು. ಒಮ್ಮೆ ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ ಎಂದಳು. ಕೈಯ ಚರ್ಮ ಬಿಳಿಚಿಕೊಂಡು ಸುಲಿದಿತ್ತು. ಸಭೆಯ ಮಾತು ಎತ್ತಲಿಲ್ಲ. "ಈಗ ವ್ಯಾನ್ ಯಾರು ಓಡಿಸ್ತ್ರು? ಸಾವಕಾಶ ಹೋಗ್ತ್ರಾ?" ಎಂದಷ್ಟೇ ಕೇಳಿದಳು. ನಾನು ಹೂಂ ಎಂದೆ. ಬಸ್ಸು ಬಂತು... ಅದೇ ಕೊನೆ. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ವರ್ಷಾಂತಿಕದ ಶ್ರಾದ್ಧವೂ ಮುಗಿದಿತ್ತು.

ನಿನ್ನೆ ಒಬ್ಬಳು ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದಿದ್ದಳು. ಹಿಂದೆ ಯೂನಿಫಾರ್ಮ್ ಹಾಕಿದ ಮಗಳು. ತಾಯಿಯ ಮುಖ ನೋಡಿ ಗುರುತು ಹಿಡಿದೆ, ಚಿಕ್ಕವಳಿದ್ದಾಗ ಅದೇ ವ್ಯಾನಿನಲ್ಲಿ ಹೋಗುತ್ತಿದ್ದವಳು. ವ್ಯಾನಕ್ಕನ ಹೆಸರೆತ್ತಿದೆ.

"ಓ, ಬ್ರೇಕ್ ಇಲ್ಲ ಅಂತ ಸುಳ್ಳು ಹೇಳಿದ್ದವ್ಳು ಅಲ್ದಾ? ಅಮ್ಮ ಈಗ್ಲೂ ಹೇಳಿ ನಗಾಡ್ತಾಳೆ."

ಟ್ಯೂಬು ಕೆಳಗಿಟ್ಟು ಎಲ್ಲ ಹೇಳಿದೆ. ಸವೆದ ರಬ್ಬರು, ಇಳಿದ ಪೆಡಲ್, ಹೊಳೆಯುತ್ತಿದ್ದ ಸಿಲಿಂಡರು... ಅವಳು ತಾಳ್ಮೆಯಿಂದಲೇ ಕೇಳಿದಳು. ಮಗಳ ಬ್ಯಾಗು ಸರಿಮಾಡುತ್ತ, "ಹೋಗ್ಲಿ ಬಿಡಿ, ನಮಗೆ ಎಂತದೂ ಆಗ್ಲಿಲ್ಲ ಅಲ್ದಾ" ಎಂದಳು.

ಹೌದು, ಎಂತದೂ ಆಗಲಿಲ್ಲ. ಅವಳು ಸ್ಕೂಟರು ಹತ್ತಿ ಹೋದಳು, ಹಿಂದೆ ಕೂತ ಮಗು ನನಗೆ ಟಾಟಾ ಮಾಡಿತು. ಆ ಮಗುವಿನ ತಾಯಿಯನ್ನು ಜೋಪಾನವಾಗಿ ಮನೆ ಮುಟ್ಟಿಸಿದ ಹೆಂಗಸು ಇಂದು ಈ ಲೋಕದಲ್ಲಿ ಇಲ್ಲ, ಇದ್ದಿದ್ದರೂ ಇವರ ಬಾಯಲ್ಲಿ ಸುಳ್ಳುಗಾತಿಯೇ.