ಇಲಿವಾರದ ಬೋನು

ಮಕ್ಕಳೇ, ನಿಮ್ಮಲ್ಲಿ ಕಿರಿಯವಳು ಹುಟ್ಟಿದ ವರ್ಷ ಮಳೆ ಬಿಡಲೇ ಇಲ್ಲ. ಎಂ.ಕೆ. ಹುಬ್ಬಳ್ಳಿಯ ನಮ್ಮ ಮನೆಯ ಹಿಂದಿನ ಕಬ್ಬಿನ ಹೊಲದಲ್ಲಿ ನೀರು ನಿಂತು, ಬದುವಿನ ಬಿಲಗಳೆಲ್ಲ ತುಂಬಿ, ಕಂದು ಇಲಿಗಳು ಗಟಾರದ ಗುಂಟ ಊರು ಸೇರಿದವು. ಅದರಲ್ಲೊಂದು ನಮ್ಮ ಬಾಣಂತಿ ಕೋಣೆಯ ಗೋಡೆಯನ್ನೇ ಕೊರೆಯಿತು. ಬಾಣಂತನಕ್ಕೆ ಬಂದಿದ್ದ ನನ್ನ ಮಗಳು ಒಂದು ಮುಂಜಾನೆ ಕೂಸಿನ ಕಾಲ್ಬೆರಳಲ್ಲಿ ರಕ್ತ ಕಂಡಳು. ಹಾಲಿನ ವಾಸನೆಗೆ ಇಲಿ ಬಂದು ಕಚ್ಚಿತ್ತು. ಡಾಕ್ಟರು ಗಾಯ ತೊಳೆದು, "ಇನ್ನೊಮ್ಮೆ ಕಚ್ಚಗೊಡಬ್ಯಾಡ್ರಿ" ಎಂದರು.

ನಿಮ್ಮ ಅಜ್ಜ ತೀರಿದ ಮೇಲೆ ಇಂಥ ಕೆಲಸವೆಲ್ಲ ನನ್ನದೇ. ಗೋಡೆಯ ಮಗ್ಗುಲಿಗೆ ಬೋನು ಇಟ್ಟೆ. ಈ ಇಲಿ ಬಯಲಲ್ಲಿ ಓಡುವುದಿಲ್ಲ, ಮೀಸೆಯನ್ನು ಗೋಡೆಗೆ ತಾಗಿಸಿಕೊಂಡೇ ಹೋಗುತ್ತದೆ. ಆದರೆ ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ. ರೊಟ್ಟಿಯ ಚೂರು ಬೋನಿನಲ್ಲೇ ಒಣಗಿತು. ಇಲಿ ಬೋನನ್ನು ಬಳಸಿ ಹೋಗಿ ಬಾಗಿಲ ಚೌಕಟ್ಟು ಕಡಿದಿತ್ತು. ಅದರ ಹಲ್ಲುಗಳು ಸಾಯುವ ತನಕ ಬೆಳೆಯುತ್ತವಂತೆ, ಕಡಿಯದಿದ್ದರೆ ಅದಕ್ಕೆ ಉಳಿಗಾಲವಿಲ್ಲ.

ಅಷ್ಟರಲ್ಲಿ ಗಣಪತಿ ಕೂರಿಸಿದ ಮರುದಿನದ ಇಲಿವಾರ ಬಂತು. ಅಂದು ನಾವು ಇಲಿಗೆ ಎಡೆ ಇಡುತ್ತೇವೆ, ಅದು ಮುನಿದು ಬಟ್ಟೆ ಕಡಿದೀತೆಂದು ಕತ್ತರಿ ಸಹ ಮುಟ್ಟುವುದಿಲ್ಲ. ನನ್ನ ಅತ್ತೆ ಬೋನಿನ ಮುಂದೆ ಬಂದು ನಿಂತರು.

"ಇವತ್ತ ಅದನ್ನ ಹಿಡದ್ರ ಮನಿಗೆ ಒಳ್ಳೇದಲ್ಲ. ಬಾಗಲಾ ಬೀಳದಂಗ ಕಟ್ಟಿಬಿಡು."

"ಆಯಿ, ನಿನ್ನ ಬೆರಳ ಕಡದಿದ್ರ ಹಿಂಗ ಅಂತಿದ್ದೇನ?" ಮಗಳು ಒಳಗಿನಿಂದ ಅಜ್ಜಿಯನ್ನು ಕೇಳಿದಳು.

"ನನ್ನ ಬೆರಳಾಗ ಏನೈತವ್ವಾ, ಬರೇ ಎಲುಬ. ಮೂಸಿ ನೋಡಿ ಹೋಗ್ತಿತ್ತು."

ಹಿರಿಯರಿಗೆ ಎದುರು ಮಾತಾಡುವುದು ನನಗೆ ಬರದು. ಬಾಗಿಲನ್ನು ದಾರದಿಂದ ಎತ್ತಿ ಕಟ್ಟಿ, ಎಡೆಯ ಕಡುಬನ್ನು ಬೋನಿನೊಳಗೇ ಇಟ್ಟೆ. ಅಂದೆಲ್ಲ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಮರುದಿನ ನೋಡಿದರೆ ಕಡುಬು ಇರಲಿಲ್ಲ. ತಿಂದರೂ ಏನೂ ಆಗಲಿಲ್ಲವೆಂದು ಇಲಿಗೆ ಧೈರ್ಯ ಬಂದಿತ್ತು. ದಾರ ಬಿಚ್ಚಿ ಇನ್ನೊಂದು ಕಡುಬು ಇಟ್ಟೆ. ಸಂಜೆಗೆ ಸಿಕ್ಕಿತು.

ಅತ್ತೆ ಬೋನು ಎತ್ತಿ ನೋಡಿದರು. ಇಲಿಯ ಮೊಲೆಗಳು ಉಬ್ಬಿದ್ದವು.

"ಇದೂ ಬಾಣಂತಿ ಐತಿ" ಎಂದರು.

"ದೂರ ಎಲ್ಲೆರ ಬಿಟ್ಟ ಬರ್ತೀಯೇನವ್ವಾ?" ಮಗಳು ನನ್ನನ್ನು ಕೇಳಿದಳು.

ಬಿಟ್ಟರೆ ಮರಿಗಳಿಗಾಗಿ ತಿರುಗಿ ಬರುತ್ತದೆ. ಬಂದರೆ ಮತ್ತೆ ಬೋನಿಗೆ ಬೀಳುವುದಿಲ್ಲ. ಹಿತ್ತಲಲ್ಲಿ ನೀರು ತುಂಬಿದ ಹಳೆಯ ಬ್ಯಾರಲ್ಲಿನಲ್ಲಿ ಬೋನು ಮುಳುಗಿಸಿದೆ. ಈಜು ಬಲ್ಲ ಪ್ರಾಣಿ, ಬಹಳ ಹೊತ್ತು ಹಿಡಿಯಿತು.

ಗೋಡೆಯ ಬಿಲಕ್ಕೆ ಗಾಜಿನ ಚೂರು, ಸಿಮೆಂಟು ತುಂಬಿದೆ. ಗೋಡೆಯೊಳಗೆ ಸಣ್ಣ ದನಿಗಳು ಕೇಳುತ್ತಲೇ ಇದ್ದವು. ಕೂಸಿಗೆ ಹಾಲು ಕುಡಿಸುತ್ತಿದ್ದ ಮಗಳು, "ಎವ್ವಾ, ನನ್ನ ಹಾಸಿಗಿ ಆ ಕಡಿ ಗ್ವಾಡಿಗೆ ಹಾಕು" ಎಂದಳು. ಹಾಕಿದೆ. ಕೂಸು ಹೊಟ್ಟೆ ತುಂಬಿ ಮಲಗಿತು.