ಬಿಲ್ ಕಲೆಕ್ಟರ್ ಯಂಕಪ್ಪ ಮತ್ತು ಸಾಹೇಬನ ಕಂದಾಯ ಮಾಫಿ

ಬಾದಾಮಿ ಕಡೆಯ ಆ ಊರಿನಲ್ಲಿ ಯಂಕಪ್ಪನ ಸೈಕಲ್ ಕಂಡರೆ ಅರ್ಧ ಓಣಿ ಬಾಗಿಲು ಹಾಕಿಕೊಳ್ಳುತ್ತದೆ. ಪಾಪ, ಆತ ಕಳ್ಳನಲ್ಲ, ಪಂಚಾಯ್ತಿಯ ಬಿಲ್ ಕಲೆಕ್ಟರ್. ಹದಿನೆಂಟು ವರ್ಷದಿಂದ ಮನೆ ಕಂದಾಯ, ನಳದ ಪಟ್ಟಿ ವಸೂಲಿ ಮಾಡುತ್ತಿದ್ದಾನೆ. ವಸೂಲಾದ ಹಣದಲ್ಲೇ ಆತನ ಪಗಾರ.

ಐದು ವರ್ಷದ ಹಿಂದೆ ಒಬ್ಬ ಫಾರಿನ್ ಸಾಹೇಬ ಬಂದು ಗುಡ್ಡದ ಬುಡದಲ್ಲಿ ಅರಮನೆಯಂಥ ರೆಸಾರ್ಟ್ ಕಟ್ಟಿದ. ಊರು ಉದ್ಧಾರವಾದೀತೆಂದು ಪಂಚಾಯ್ತಿ ಅವನಿಗೆ ಐದು ವರ್ಷದ ಕಂದಾಯ ಮಾಫಿ ಮಾಡಿತು. ಆ ಠರಾವಿಗೆ ಮನೆಮನೆ ತಿರುಗಿ ಸಹಿ ಹಾಕಿಸಿದವನು ಇದೇ ಯಂಕಪ್ಪ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡ ಜಾಣ! ಉದ್ಧಾರ ಆಗಲೇ ಇಲ್ಲ ಎನ್ನುವಂತೆಯೂ ಇಲ್ಲ. ಹನ್ನೊಂದು ಮಂದಿಗೆ ಅಲ್ಲಿ ಕೆಲಸ ಸಿಕ್ಕಿತು. ಯಂಕಪ್ಪನ ಹೆಂಡತಿ ಕಸ್ತೂರಿಯೂ ಅವರಲ್ಲೊಬ್ಬಳು. ಸಾಹೇಬನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಇಂಗ್ಲಿಷ್ ಕಲಿತಳು. ವಸೂಲಿ ಸಾಲದೆ ಗಂಡನ ಪಗಾರ ನಿಂತು ಏಳು ತಿಂಗಳಾಯಿತು, ಮನೆಯ ಒಲೆ ಉರಿಯುವುದು ಅವಳಿಂದ. ಮಿರ್ಚಿ ಅಂಗಡಿಯ ಬಾಳಮ್ಮನಂಥವರ ನಳದ ಪಟ್ಟಿ ಮಾತ್ರ ಎರಡು ಸಲ ಏರಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಕಟ್ಟದವರ ನಳ ಬಂದ್ ಮಾಡಬೇಕೆಂದು ಯಂಕಪ್ಪನಿಗೆ ಹುಕುಂ.

ಮಾಫಿಯ ಅವಧಿ ಮುಗಿಯಿತು. ಇನ್ನೈದು ವರ್ಷ ಮುಂದುವರಿಸಬೇಕೋ ಬೇಡವೋ ಎಂದು ಗ್ರಾಮಸಭೆ ಕರೆದರು. ಮುಂದುವರಿಸದಿದ್ದರೆ ಸಾಹೇಬ ಊರು ಬಿಡುತ್ತಾನೆಂದು ಅಧ್ಯಕ್ಷ ಅಂದಪ್ಪ ಎಲ್ಲರನ್ನೂ ಹೆದರಿಸಿಟ್ಟಿದ್ದ. ಸಭೆಯ ನೋಟಿಸು ಕೊಡಲು ರೆಸಾರ್ಟಿಗೆ ಹೋದ ಯಂಕಪ್ಪ, ಇದು ನಿಜವೇ ಎಂದು ಕಸ್ತೂರಿಯ ಮೂಲಕ ಸಾಹೇಬನನ್ನೇ ಕೇಳಿದ. ಸಾಹೇಬ ನಕ್ಕ. ತಾನು ಬಂದದ್ದು ಈ ಕೆಂಪು ಗುಡ್ಡ ನೋಡಿ, ಮಾಫಿ ತಾನು ಕೇಳಿಯೇ ಇರಲಿಲ್ಲ, ತಾವಾಗಿ ಕೊಟ್ಟದ್ದನ್ನು ಯಾರು ಬೇಡವೆನ್ನುತ್ತಾರೆ ಎಂದ.

ಯಂಕಪ್ಪನ ಮೈ ಉರಿದುಹೋಯಿತು. ಇದನ್ನು ಸಭೆಯಲ್ಲಿ ಹೇಳಿಯೇ ತೀರುತ್ತೇನೆಂದು ಹೊರಟ. ಗೇಟಿನ ತನಕ ಬಂದ ಕಸ್ತೂರಿ ಮೆಲ್ಲಗೆ ಅಂದಳು:

"ಅಂವ ಊರ ಬಿಡಂಗಿಲ್ಲ, ಖರೆ. ಆದ್ರ ಕಂದಾಯ ಬಿತ್ತಂದ್ರ ಅಡಿಗಿಮನ್ಯಾಗ ಮಂದಿ ಕಡಿಮಿ ಮಾಡ್ತಾನಂತ. ಮೊದಲ ನನ್ನ ಹೆಸರ ಐತ್ರಿ."

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು ಆತನಿಗೆ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಭೆಯಲ್ಲಿ ಅಂದಪ್ಪ ಠರಾವು ಓದಿ, ಒಪ್ಪುವವರು ಕೈ ಎತ್ತಿರಿ ಎಂದ. ಒಂದು ಕೈಯೂ ಏಳಲಿಲ್ಲ. ಬಾಳಮ್ಮ ಎದ್ದು ನಿಂತಳು. ಅಧ್ಯಕ್ಷನ ಮಾತು ತನಗೆ ಬೇಕಿಲ್ಲ, ಇಷ್ಟು ವರ್ಷದಲ್ಲಿ ಒಂದು ಪೈಸೆ ಹೆಚ್ಚಿಗೆ ಮುಟ್ಟದ ಯಂಕಪ್ಪ ಹೇಳಿದರೆ ಸಾಕು ಎಂದಳು.

"ನೀ ಹೇಳೋ ಯಪ್ಪಾ, ಮಾಫಿ ಕೊಡಲಿಲ್ಲಂದ್ರ ಅಂವ ಖರೇನ ಹೋಗ್ತಾನೇನು?"

ಹೆಂಗಸರ ಸಾಲಿನಲ್ಲಿ ಕಸ್ತೂರಿ ತಲೆ ತಗ್ಗಿಸಿ ಕೂತಿದ್ದಳು. ಯಂಕಪ್ಪ ಒಮ್ಮೆ ಅವಳತ್ತ ನೋಡಿದ.

"ಹೋಗ್ತಾನವ್ವಾ," ಎಂದ.

ಬಾಳಮ್ಮ ನಂಬಿದಳು. ಎಲ್ಲರಿಗಿಂತ ಮೊದಲು ಅವಳೇ ಕೈ ಎತ್ತಿದಳು.